ಮೂಲೆಯ ಟಿಸಿಗೂ ಒಂದು ಸಿಮ್ಮು

ಮೇ ತಿಂಗಳ ಶಂಶಾಬಾದು ಅಂದ್ರೆ ಗೊತ್ತೇ ಇದೆಯಲ್ಲ, ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟೋ ಹಾಗಿಲ್ಲ. ಬೀದಿಯ ಏಸಿಗಳೆಲ್ಲ ಒಟ್ಟಿಗೇ ಗುರ್ ಅನ್ನೋದೂ ಆಗಲೇ, ಮೂಲೆಯ ಟ್ರಾನ್ಸ್‌ಫಾರ್ಮರ್ (ಅದೇ, ನಮ್ಮ ಟಿಸಿ) ಕೈಕೊಡೋದೂ ಆಗಲೇ. 2008ರಲ್ಲಿ ವಿಮಾನ ನಿಲ್ದಾಣ ಬಂದದ್ದೇ ಬಂದದ್ದು, ಹೊಲಗಳೆಲ್ಲ ಸೈಟಾದವು, ಸೈಟುಗಳೆಲ್ಲ ಮೂರಂತಸ್ತಾದವು. ಇಷ್ಟೂ ಮನೆಗಳ ಭಾರ ಬಿದ್ದದ್ದು ಯಾರ ಮೇಲೆ ಹೇಳಿ?

ಈಗ ಟ್ರಾನ್ಸ್‌ಫಾರ್ಮರಿಗೊಂದು ಡಬ್ಬಿ ಕಟ್ಟೋ ಕಾಲ. ಎಣ್ಣೆ ಎಷ್ಟು ಕಾದಿದೆ, ಎಷ್ಟು ಇಳಿದಿದೆ, ಯಾವ ಫೇಸಿನಲ್ಲಿ ಎಷ್ಟು ಕರೆಂಟು ಓಡ್ತಿದೆ, ಎಲ್ಲಾ ಆಫೀಸಿಗೆ ತಾನೇ ಹೇಳ್ತದೆ. ಒಳಗೊಂದು ಸಿಮ್ ಕಾರ್ಡು ಬೇರೆ! ಬೇಲಿಯಾಚೆಯ ಬೀದರಿನ ಅಕ್ಕೋರಿಗೆ ಇದನ್ನು ಹೇಳಿದ್ದೇ ತಡ, "ನಾವು ಏಸಿ ಯಾವಾಗ ಹಚ್ಚತೀವಿ ಅಂತ ಅದಕ್ಕ ಗೊತ್ತಾಗ್ತದೇನ್ರೀ?" ಅಂದ್ರು. ಅಕ್ಕೋರೆ, ನಿಮ್ಮೊಬ್ಬರ ಮನೆಯ ಗುಟ್ಟು ಅದಕ್ಕೆ ತಿಳಿಯೋಲ್ಲ, ಬೀದಿಯ ಗುಟ್ಟು ಮಾತ್ರ ರಟ್ಟು.

ನಮ್ಮ ಚಾಳಿ ನೋಡಿ. ಒಂದು ಫೇಸ್ ಹೋದ ತಕ್ಷಣ ಎಲ್ಲರೂ ಮೀಟರಿನ ಹತ್ತಿರ ಓಡಿ, ಸ್ವಿಚ್ ತಿರುಗಿಸಿ ಪಕ್ಕದ ಫೇಸಿಗೆ ಹಾರ್ತೀವಿ. ಐದು ನಿಮಿಷಕ್ಕೆ ಅದೂ ಢಮಾರ್. ಡಬ್ಬಿಗೆ ಕಾಣೋದು ಇದೇ ಅಲ್ವಾ, ಒಂದರಲ್ಲಿ ಜಾತ್ರೆ, ಇನ್ನೊಂದು ಖಾಲಿ.

ಟಿಸಿಯ ಆ ಹಸಿರು ತೊಟ್ಟಿಯೊಳಗೆ ಇರೋದು ಎಣ್ಣೆಯಲ್ಲಿ ನೆನೆದ ಕಾಗದ ಸುತ್ತಿದ ತಂತಿ. ನಿತ್ಯ ಆರೇಳು ಡಿಗ್ರಿ ಅತಿಯಾಗಿ ಕಾದರೆ ಸಾಕು, ಕಾಗದದ ಆಯಸ್ಸು ಅರ್ಧಕ್ಕರ್ಧ ಕಮ್ಮಿ. ಉಪ್ಪಿನಕಾಯಿ ಜಾಡಿಯ ಹಾಗೆ, ನೀರಿನ ಪಸೆ ಸೋಕಿದರೂ ಕೆಟ್ಟಿತು. ಹಾಗಂತ ಬಿಗಿಯಾಗಿ ಮುಚ್ಚೋ ಹಾಗೂ ಇಲ್ಲ, ಎಣ್ಣೆ ಕಾದಾಗ ಉಬ್ಬಬೇಕು, ಆರಿದಾಗ ಗಾಳಿ ಎಳೆದುಕೊಳ್ಳಬೇಕು. ಆ ಗಾಳಿ ಒಣಗಿ ಬರಲಿ ಅಂತ ಪಕ್ಕದಲ್ಲೊಂದು ಪುಟ್ಟ ಗಾಜಿನ ಬಾಟ್ಲಿ, ತುಂಬಾ ನೀಲಿ ಹರಳು. ತೇವ ಕುಡಿದು ಕುಡಿದು ಗುಲಾಬಿ ಬಣ್ಣಕ್ಕೆ ತಿರುಗ್ತವೆ. ಸಂಜೆ ವಾಕಿಂಗ್ ಹೋಗುವಾಗ ನಾನದನ್ನು ಕತ್ತೆತ್ತಿ ನೋಡ್ತೇನೆ, ಜನ ನನ್ನನ್ನು ನೋಡ್ತಾರೆ.

ಊರ ಕಡೆ, ತುಮಕೂರಿನಾಚೆ, ಟಿಸಿ ಸುಡ್ತು ಅಂದ್ರೆ ಪಂಪ್‌ಸೆಟ್‌ನವರೆಲ್ಲ ತಲೆಮೇಲೆ ಕೈ ಹೊತ್ತು ಕೂರೋದು. ಕೆಲವು ಕಡೆ ಕಳ್ಳರು ರಾತ್ರೋರಾತ್ರಿ ಎಣ್ಣೆಯನ್ನೇ ಇಳಿಸಿಕೊಂಡು ಹೋಗೋರು! ಬೆಳಿಗ್ಗೆ ಮೋಟಾರ್ ಹಾಕಿದಾಗಲೇ ಗೊತ್ತಾಗೋದು. ಅಲ್ಲೊಂದು ಡಬ್ಬಿ ಇದ್ದಿದ್ರೆ ಎಣ್ಣೆ ಇಳೀತಿದ್ದ ಹಾಗೇ ಬೊಬ್ಬೆ ಹೊಡೀತಿತ್ತು. ನನ್ನ ಕೇಳಿದ್ರೆ, ಇದು ಪೇಟೆಗಿಂತ ಮೊದಲು ಹೊಲದ ಟಿಸಿಗೆ ಬರಬೇಕಿತ್ತು.

ಅದೇನೇ ಇರಲಿ, ಈ ಸಲ ಫೇಸ್ ಹೋದಾಗ ಸ್ವಿಚ್ಚಿನ ಹತ್ತಿರ ಓಡಬೇಡಿ. 1912ಕ್ಕೆ ಫೋನ್ ಮಾಡಿ, ಇಲ್ಲೂ ಅದೇ ನಂಬರು, ಕರ್ನಾಟಕದಲ್ಲೂ ಅದೇ.