ಗಾಲಿ ಉಂಟು, ಓಡದು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ರಾಜ್ಯೋತ್ಸವ ನಡೆಯುವುದು ನವೆಂಬರ್ ತಿಂಗಳ ಕೊನೆಯ ಭಾನುವಾರ. ಒಂದನೇ ತಾರೀಖು ಯಾಕಲ್ಲ ಎಂದು ಕೇಳಬಾರದು. ಶಾಮಿಯಾನದವನು, ಮೈಕಿನವನು, ಅಡುಗೆ ಭಟ್ಟರು ಮೂವರಿಗೂ ಒಟ್ಟಿಗೆ ಬಿಡುವಾಗುವುದು ಆಗಲೇ. ಬೆಂಗಳೂರಿನಲ್ಲಿ ರಾಜ್ಯೋತ್ಸವ ಎಂದರೆ ಒಂದು ದಿನವಲ್ಲ, ಒಂದು ಋತು. ಕಾರ್ಯಕ್ರಮವೂ ಪ್ರತಿ ವರ್ಷ ಅದೇ: ಬಾವುಟ, ನಾಡಗೀತೆ, ಮಕ್ಕಳ ಕುಣಿತ, ಸೆಕ್ರೆಟರಿಯವರ ಭಾಷಣ, ಆ ಭಾಷಣ ಮುಗಿಯಲೆಂದು ಕಾದು ತಣ್ಣಗಾದ ಪುಳಿಯೋಗರೆ. ಈ ಸಲ ಮೂರನೇ ಮಹಡಿಯ ಹುಡುಗರು ತಕರಾರು ತೆಗೆದರು. ಟ್ರೆಷರ್ ಹಂಟ್ ಬೇಕಂತೆ. ನಾಲ್ಕು ತಂಡ, ಊರೆಲ್ಲ ಓಟ, ಅಲ್ಲಲ್ಲಿ ಸುಳಿವಿನ ಚೀಟಿ, ಚೀಟಿ ಸಿಗಬೇಕಾದರೆ ಏನಾದರೊಂದು ಮಂಗಾಟ ಆಡಬೇಕು.

ಮೀಟಿಂಗಿನಲ್ಲಿ ನಾನು ಸುಮ್ಮನೆ ಕೂತು ಚಹಾ ಕುಡಿದು ಎದ್ದು ಬಂದಿದ್ದರೆ ಈ ಪ್ರಬಂಧಕ್ಕೆ ಕಾರಣವೇ ಇರುತ್ತಿರಲಿಲ್ಲ. "ಸುಳಿವನ್ನ ಪದ್ಯದಲ್ಲಿ ಬರೆದ್ರೆ ಚೆನ್ನಾಗಿರುತ್ತೆ ಅಲ್ವಾ?" ಎಂದುಬಿಟ್ಟೆ. ಸಮಿತಿಗಳಲ್ಲಿ ಒಂದು ಧರ್ಮವಿದೆ: ಐಡಿಯಾ ಯಾರದೋ ಕೆಲಸವೂ ಅವರದೇ. ಸೆಕ್ರೆಟರಿಯವರು ಆಗಲೇ ನನ್ನ ಹೆಸರು ಬರೆದುಕೊಂಡು ಕೆಳಗೆ ಗೀಟು ಎಳೆದಿದ್ದರು.

ಪದ್ಯದ ಮಾತು ನನ್ನ ಬಾಯಿಗೆ ಬಂದದ್ದು ಊರಿನ ಗುಣದಿಂದ. ನಾವಿರುವುದು ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯ ಮಗ್ಗುಲಲ್ಲಿ. ಒಂದು ಕಡೆ ಸಾರಕ್ಕಿ, ಇನ್ನೊಂದು ಕಡೆ ಯಲಚೇನಹಳ್ಳಿ, ಬೆನ್ನಿಗೆ ಜೆ.ಪಿ. ನಗರ 6ನೇ ಹಂತ. ಎಲ್ಲಿರೋದು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅರ್ಧ ಜನ ಜೆ.ಪಿ. ನಗರ ಅನ್ನುತ್ತಾರೆ, ಮನೆ ಬಾಡಿಗೆಗೆ ಕೊಡುವಾಗ ಎಲ್ಲರೂ ಅದನ್ನೇ ಅನ್ನುತ್ತಾರೆ. 2017ರ ಜೂನ್‌ನಲ್ಲಿ ಮೆಟ್ರೊ ಯಲಚೇನಹಳ್ಳಿಗೆ ಬಂತು. 2021ರ ಜನವರಿಯಲ್ಲಿ ಮುಂದಕ್ಕೆ ರೇಷ್ಮೆ ಸಂಸ್ಥೆಯವರೆಗೆ ಹೋಗುವ ತನಕ ಅದೇ ಕೊನೆಯ ನಿಲ್ದಾಣ. ನಾಗಸಂದ್ರದಲ್ಲಿ ಹತ್ತಿದವರ ಕಿವಿಯಲ್ಲೂ ಯಲಚೇನಹಳ್ಳಿ, ಯಲಚೇನಹಳ್ಳಿ. ನಮಗೆ ನಿಲ್ದಾಣದ ಹೆಸರೂ ದಕ್ಕಲಿಲ್ಲ. ಆದರೆ ನಮಗೊಬ್ಬ ಕವಿ ದಕ್ಕಿದರು. ಜರಗನಹಳ್ಳಿ ಶಿವಶಂಕರ್ ಊರ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಹನಿಗವನ ಬರೆದರು. 2021ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ, ತೀರಿಕೊಂಡರು. ಅಷ್ಟು ಚಿಕ್ಕ ಪದ್ಯ ನಾನೂ ಬರೆಯಬಹುದು ಎಂಬ ಧೈರ್ಯ ನನಗೆ ಬಹಳ ದಿನದಿಂದ ಇತ್ತು. ನಾಲ್ಕು ಸಾಲು ಬರೆಯಲು ಕೂತ ಮೇಲೆ ಇಳಿಯಿತು.

ಒಗಟು ಹಾಕುವುದರಲ್ಲಿ ಕನ್ನಡದವರು ಯಾರಿಗೂ ಕಡಿಮೆಯಿಲ್ಲ. ಅಲ್ಲಮಪ್ರಭುಗಳ ಬೆಡಗಿನ ವಚನ, ಕನಕದಾಸರ ಮುಂಡಿಗೆ ಬಿಡಿಸಲು ಪಂಡಿತರು ಇಂದಿಗೂ ತಲೆ ತುರಿಸಿಕೊಳ್ಳುತ್ತಾರೆ. ಆದರೆ ಅವರು ಪರಮಾರ್ಥವನ್ನು ಬಚ್ಚಿಟ್ಟವರು, ಅದು ಎಲ್ಲಿಗೂ ಹೋಗುವುದಿಲ್ಲ. ನಾನು ಬಚ್ಚಿಡಬೇಕಾಗಿದ್ದದ್ದು ಜರಗನಹಳ್ಳಿಯ ಅಂಗಡಿಗಳನ್ನು. ಇಲ್ಲಿ ಹೋದ ವಾರದ ಹೇರ್ ಕಟಿಂಗ್ ಶಾಪು ಈ ವಾರ ಮೊಮೊ ಅಂಗಡಿ. "ಬೇವಿನ ಮರದ ಪಕ್ಕ" ಎಂದು ಬರೆಯೋಣವೆಂದರೆ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಹಾಕಿ ಹೋಗಿದ್ದಾರೆ. ಎರಡು ಸಂಜೆ ಪೇಪರು ಪೆನ್ನು ಹಿಡಿದು ಅಲೆದೆ. ಕೊನೆಗೆ, ಇಷ್ಟು ವರ್ಷದಲ್ಲಿ ಜಾಗ ಬಿಟ್ಟು ಕದಲದ ವಸ್ತು ನನ್ನ ಕಣ್ಣಿಗೆ ಬಿದ್ದದ್ದು ಒಂದೇ: ಎಳನೀರಿನ ತಳ್ಳುಗಾಡಿ. ಅದಕ್ಕೇ ಮೊದಲ ಪದ್ಯ.

ಗಾಲಿ ಉಂಟು, ಓಡದು;
ತಲೆ ಹೊಡೆದರೂ ಬೈಯದು;
ಹೊಟ್ಟೆ ತುಂಬ ನೀರು,
ಹೇಳಿ, ಯಾರು?

ಬರೆದು ಗಟ್ಟಿಯಾಗಿ ಓದಿದೆ. ಹೆಂಡತಿ ಅಡುಗೆಮನೆಯಿಂದಲೇ "ವಾಟರ್ ಟ್ಯಾಂಕರ್" ಎಂದಳು. ನನಗೆ ಸಿಟ್ಟು ಬಂತು. ಆಗಲೇ ತಿದ್ದಿಕೊಳ್ಳಬೇಕಿತ್ತು.

ಉಳಿದ ಪದ್ಯಗಳೂ ಹೀಗೆಯೇ ಹುಟ್ಟಿದವು, ಸಿಕ್ಕ ಸಿಕ್ಕ ಕಾಗದದ ಹಿಂಬದಿಯಲ್ಲಿ. ಹಳೇ ಕರೆಂಟ್ ಬಿಲ್ಲು, ಮದುವೆ ಆಮಂತ್ರಣ, ಫ್ರಿಜ್ಜಿನ ಮೇಲಿದ್ದ ಒಂದು ಗೀಟುಹಾಳೆ. ಎಲ್ಲವನ್ನೂ ಹಳದಿ ಲಕೋಟೆಗೆ ತುಂಬಿದೆ.

ಇನ್ನು ಮಂಗಾಟಗಳು. ದಾರದಲ್ಲಿ ನೇತುಹಾಕಿದ ಚಕ್ಕುಲಿಯನ್ನು ಕೈ ಮುಟ್ಟಿಸದೆ ತಿನ್ನುವುದು, ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವುದು ಇವೆಲ್ಲ ಮಾಮೂಲು. ಒಂದು ಮಾತ್ರ ನಾನು ಕದ್ದದ್ದು. 1936ರ "ಮೈ ಮ್ಯಾನ್ ಗಾಡ್‌ಫ್ರೇ" ಎಂಬ ಹಾಲಿವುಡ್ ಸಿನಿಮಾದಲ್ಲಿ ನ್ಯೂಯಾರ್ಕಿನ ಶ್ರೀಮಂತರು ಇಂಥದೇ ಹುಡುಕಾಟದ ಆಟ ಆಡುತ್ತಾರೆ. ಪಟ್ಟಿಯಲ್ಲಿರುವ ಸಾಮಾನುಗಳ ಜೊತೆಗೆ ಒಬ್ಬ "ಮರೆತುಹೋದ ಮನುಷ್ಯ"ನನ್ನೂ ಹಿಡಿದು ತರಬೇಕು. ಆರ್ಥಿಕ ಕುಸಿತದ ಆ ಕಾಲದಲ್ಲಿ ಕಸದ ತಿಪ್ಪೆಯ ಬಳಿ ಬದುಕುತ್ತಿರುವ ಒಬ್ಬನನ್ನು ತರುತ್ತಾರೆ. ನಮ್ಮ ಊರಿಗೆ ಒಪ್ಪುವ ಹಾಗೆ ಅದನ್ನು ಬದಲಾಯಿಸಿ ಬರೆದೆ: "ಮೀಟರ್ ಹಾಕಿಕೊಂಡು ಬರುವ ಆಟೋದವರೊಬ್ಬರನ್ನು ಕರೆತನ್ನಿ." ಸೆಕ್ರೆಟರಿಯವರು ಓದಿ, "ಇಷ್ಟು ಕಷ್ಟದ್ದು ಬೇಕಾ ಸಾರ್? ಮಕ್ಕಳೂ ಇರ್ತಾರೆ," ಎಂದರು.

ತಂಡಗಳ ಹೆಸರು ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ. ಪ್ರತಿ ತಂಡದಲ್ಲೂ ಕನ್ನಡ ಓದಲು ಬರುವವರು ಇಬ್ಬರಾದರೂ ಇರಬೇಕೆಂದು ನಿಯಮ. ಹುಡುಕಿದಾಗ ತಿಳಿದದ್ದೇನೆಂದರೆ, ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಮಕ್ಕಳಿಗಿಂತ ಎರಡನೇ ಮಹಡಿಯ ತಮಿಳು ಆಂಟಿಯೇ ಚೆನ್ನಾಗಿ ಓದುತ್ತಾರೆ. ಬಸ್ಸಿನ ಬೋರ್ಡ್ ನೋಡಿ ಕಲಿತದ್ದಂತೆ. ಅವರಿಗಾಗಿ ನಾಲ್ಕು ತಂಡದವರೂ ಕಿತ್ತಾಡಿದರು.

ಸಮಯದ ವಿಷಯದಲ್ಲಿ ಸೆಕ್ರೆಟರಿಯವರು ಕಟ್ಟುನಿಟ್ಟು. "ರಂಗಶಂಕರದ ಹಾಗೆ! ಮೂರೂವರೆ ಅಂದ್ರೆ ಮೂರೂವರೆ. ಆಮೇಲೆ ಬಂದವರಿಗೆ ಬಾಗಿಲು ಹಾಕಿದ ಹಾಗೇ." ಜೆ.ಪಿ. ನಗರ 2ನೇ ಹಂತದಲ್ಲಿ 2004ರಿಂದ ಆ ರಂಗಮಂದಿರ ಹಾಗೆ ಬಾಗಿಲು ಹಾಕುತ್ತಲೇ ಇದೆ, ತಡವಾಗಿ ಹೋಗಿ ಹೊರಗೆ ಸಬ್ಬಕ್ಕಿ ವಡೆ ತಿಂದು ಮನೆಗೆ ಬಂದವರಲ್ಲಿ ನಾನೂ ಒಬ್ಬ. ಆದರೆ ಬಾಗಿಲು ಹಾಕುವವರು ಒಳಗೆ ಇರಬೇಕಲ್ಲ. ಸೆಕ್ರೆಟರಿಯವರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದಾಗ ನಾಲ್ಕೂ ಇಪ್ಪತ್ತೈದು. ಸೀಟಿ ಊದಬೇಕು, ಅಷ್ಟರಲ್ಲಿ ನೆಲಮಹಡಿಯ ಅಜ್ಜಿ ಕೈ ಅಡ್ಡ ಹಿಡಿದರು.

"ಭಾನುವಾರ ನಾಲ್ಕೂವರೆಯಿಂದ ಆರು, ರಾಹುಕಾಲ ಕಣಪ್ಪ."

ಎಲ್ಲರೂ ನಿಂತರು. ಆರಕ್ಕೆ ಶುರುಮಾಡಿದರೆ ಕತ್ತಲೆ. ಅಜ್ಜಿಯೇ ದಾರಿ ಹುಡುಕಿದರು. "ಬೇರೆ ಕಡೆ ಆದ್ರೆ ಕೆಟ್ಟದ್ದು. ನಮ್ಮ ಬನಶಂಕರಿಯಮ್ಮನಿಗೆ ರಾಹುಕಾಲದಲ್ಲೇ ಪೂಜೆ. ಒಂದು ದೀಪ ಹಚ್ಚಿ ಬಿಡೋಣ, ಏನೂ ಆಗಲ್ಲ." ಬನಶಂಕರಿ ದೇವಸ್ಥಾನದಲ್ಲಿ ಹೆಂಗಸರು ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿ, ತುಪ್ಪ ಹಾಕಿ ದೀಪ ಹಚ್ಚುತ್ತಾರೆ. ಅಜ್ಜಿ ಎದುರಿನ ಮೇಜಿನ ಮೇಲಿದ್ದ ನಿಂಬೆಹಣ್ಣುಗಳನ್ನು ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಓಟದ ನಾಲ್ಕೂ ಹಣ್ಣು ಹೋಳಾಗಿ, ಎಂಟು ದೀಪವಾಗಿ ಉರಿಯುತ್ತಿದ್ದವು. "ನಾನು ಚಾಲುಕ್ಯರ ಟೀಮು," ಎಂದರು ಅಜ್ಜಿ ಕೈ ಒರೆಸಿಕೊಳ್ಳುತ್ತ, "ಬಾದಾಮಿ ಬನಶಂಕರಿ ಚಾಲುಕ್ಯರ ಮನೆದೇವರು. ಗೆಲ್ಲೋದು ನಾವೇ." ಚಮಚಕ್ಕೆ ನಿಂಬೆಯ ಬದಲು ಆಲೂಗಡ್ಡೆ ಇಟ್ಟೆವು. ಅಳತೆ ಸರಿಹೋಗದೆ ಸೌಟು ತಂದೆವು. ಸೌಟನ್ನು ಬಾಯಲ್ಲಿ ಕಚ್ಚಿ ಓಡಿದ ಎಂಜಿನಿಯರೊಬ್ಬರ ಫೋಟೋ ಈಗಲೂ ಗ್ರೂಪಿನಲ್ಲಿ ಓಡಾಡುತ್ತಿದೆ.

ನಾಲ್ಕು ತಂಡವೂ ಗೇಟು ದಾಟಿತು. ಅಲ್ಲಿಗೆ ನನ್ನ ಪದ್ಯಗಳ ವಿಮರ್ಶೆ ಶುರುವಾಯಿತು.

ರಾಷ್ಟ್ರಕೂಟರು ನೇರವಾಗಿ ಕನಕಪುರ ರಸ್ತೆಗೆ ಹೋದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಒಂದು ವಾಟರ್ ಟ್ಯಾಂಕರ್ ನಿಂತಿತ್ತು. ಗಾಲಿ ಉಂಟು. ಹೊಟ್ಟೆ ತುಂಬ ನೀರು. ಸಿಗ್ನಲ್ ಬಿಟ್ಟರೂ ಓಡುತ್ತಿಲ್ಲ. ತಂಡದ ನಾಯಕ ಚಾಲಕನ ಬಾಗಿಲು ತಟ್ಟಿ, "ಅಣ್ಣಾ, ಲಕೋಟೆ ಕೊಡಿ," ಎಂದನಂತೆ. ಅವನು ಇವರನ್ನು ಯಾವುದೋ ಇಲಾಖೆಯವರೆಂದು ತಿಳಿದು, ಲೈಸೆನ್ಸು, ಇನ್ಶೂರೆನ್ಸು ಎಲ್ಲ ತೆಗೆದು ಕೊಟ್ಟ. ತಲೆ ಹೊಡೆದರೂ ಬೈಯದು ಎಂಬ ಸಾಲು ಮಾತ್ರ ಸುಳ್ಳಾಯಿತು. ಹಿಂದಿನ ವಾಹನದವರೆಲ್ಲ ಬೈದರು.

ಹೊಯ್ಸಳರ ಪಾಡು ಬೇರೆ. ಅವರು ಮಾರುಕಟ್ಟೆಯ ಬೀದಿಗೆ ನುಗ್ಗಿದಾಗ ಹಿಂದಿದ್ದ ಕದಂಬರ ಹುಡುಗನೊಬ್ಬ "ಲೋ, ಹೊಯ್ಸಳ ಬಂತು, ಹೊಯ್ಸಳ!" ಎಂದು ಕೂಗಿದ. ಪೊಲೀಸರ ಗಸ್ತು ಗಾಡಿಯ ಹೆಸರೂ ಅದೇ ಎಂಬುದು ನಾಲ್ಕು ಗೋಡೆಯ ನಡುವೆ ಹೆಸರಿಟ್ಟ ನನಗೆ ಹೊಳೆದಿರಲಿಲ್ಲ. ಫುಟ್‌ಪಾತಿನ ಸೊಪ್ಪಿನವರು, ಹೂವಿನವರು, ಪ್ಲಾಸ್ಟಿಕ್ ಚಾಪೆಯವರು ಒಂದೇ ಉಸಿರಿಗೆ ಗಂಟು ಕಟ್ಟಿ ಸಂದಿ ಸೇರಿದರು. ಆ ಹೂವಿನವರಲ್ಲೊಬ್ಬರ ಬುಟ್ಟಿಯಲ್ಲಿ ನನ್ನ ಎರಡನೇ ಲಕೋಟೆ ಇತ್ತು. ಆಕೆಯನ್ನು ಹುಡುಕಿ, ಸಮಾಧಾನ ಮಾಡಿ, ಎರಡು ಮೊಳ ಸೇವಂತಿಗೆ ಕೊಂಡು ಲಕೋಟೆ ಪಡೆಯಲು ಇಪ್ಪತ್ತು ನಿಮಿಷ ಹಿಡಿಯಿತು.

ಅದರೊಳಗಿನ ಪದ್ಯ "ಹೆಸರು ಬದಲಾಯಿಸಿಕೊಂಡ ಊರು, ರೇಷ್ಮೆಗೆ ಹೆಸರು ಜೋರು" ಎಂದು ಶುರುವಾಗುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದು ಕನಕಪುರ, ಹಳೇ ಹೆಸರು ಕಾನಕಾನಹಳ್ಳಿ. ಕನಕಪುರ ರಸ್ತೆಯ ಬೋರ್ಡಿನ ಕೆಳಗೆ ಮುಂದಿನ ಆಟ. ಆದರೆ ಹೊಯ್ಸಳರಲ್ಲಿ ಒಬ್ಬ ಯುಪಿಎಸ್‌ಸಿಗೆ ಓದುವ ಹುಡುಗನಿದ್ದ. ಅವನು "ರಾಮನಗರ!" ಎಂದ. ಮೊದಲು ಕ್ಲೋಸ್‌ಪೇಟೆ, ರೇಷ್ಮೆಗೂಡಿನ ಮಾರುಕಟ್ಟೆ, ಜಿಲ್ಲೆಗಂತೂ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಇನ್ನೊಮ್ಮೆ ನಾಮಕರಣ. ಉತ್ತರ ನನ್ನದಕ್ಕಿಂತ ಸರಿಯಾಗಿಯೇ ಇತ್ತು. ರಾಮನಗರಕ್ಕೆ ಕ್ಯಾಬ್ ಬುಕ್ ಮಾಡಿದರು. ಪುಣ್ಯಕ್ಕೆ ಮೂವರು ಡ್ರೈವರುಗಳೂ ಕ್ಯಾನ್ಸಲ್ ಮಾಡಿದರು.

ಕೆರೆಯ ಸುಳಿವು ಹಿಡಿದ ರಾಷ್ಟ್ರಕೂಟರು ಸಾರಕ್ಕಿ ಕೆರೆ ಬಿಟ್ಟು ಪುಟ್ಟೇನಹಳ್ಳಿ ಕೆರೆಗೆ ಹೋಗಿ ಅಲ್ಲಿನ ಹಕ್ಕಿ ನೋಡುತ್ತ ಕೂತರು. ನಾನು ಬೈಯಲಿಲ್ಲ. 82 ಎಕರೆಯ ಸಾರಕ್ಕಿ ಕೆರೆಯಲ್ಲಿ 30 ಎಕರೆಗೂ ಹೆಚ್ಚು ಜಾಗ ಒತ್ತುವರಿಯಾಗಿ, 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ಹುಡುಕಿ ತೆಗೆದದ್ದನ್ನು ನೋಡಿದವನು ನಾನು. ಅಷ್ಟು ದೊಡ್ಡ ಕೆರೆಯೇ ಕಾಣದೆ ಹೋಗಬಹುದಾದ ಊರಿನಲ್ಲಿ ಒಂದು ಲಕೋಟೆ ಯಾವ ಲೆಕ್ಕ?

ಎಳನೀರಿನವನ ಬಳಿ ಸರಿಯಾಗಿ ಬಂದವರು ಕದಂಬರು ಮತ್ತು ಚಾಲುಕ್ಯರು. ಮದ್ದೂರು ಕಡೆಯವನು, ಮಾತು ಕಡಿಮೆ. ಬಂದವರು ತರೀಕೆರೆ ಏರಿಯ ಕುರಿಮರಿಯ ಮಾತನ್ನು ತಡವರಿಸದೆ ಮೂರು ಸಲ ಹೇಳಿದರೆ ಲಕೋಟೆ ಕೊಡು ಎಂದಿದ್ದೆ. ಇವನು ಈ ಪದವಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾನೆ ಎಂದು ಎಣಿಸಿರಲಿಲ್ಲ. ಎಡಗೈಯಲ್ಲಿ ಎಳನೀರು ತಿರುಗಿಸುತ್ತ, ಬಲಗೈಯ ಮಚ್ಚಿನಲ್ಲಿ ಪಟ್ ಪಟ್ ಎಂದು ಸಿಪ್ಪೆ ಹಾರಿಸುತ್ತ, ಇವರ ಮುಖವನ್ನೂ ನೋಡದೆ ಕಿವಿಗೊಟ್ಟ. ಕದಂಬರ ನಾಯಕ ಎರಡನೇ ಸಲ ಕುರಿಯನ್ನು ಕರಿ ಮಾಡಿದಾಗ ಮಚ್ಚು ಗಾಳಿಯಲ್ಲೇ ನಿಂತಿತು. "ಇನ್ನೊಂದ್ ಸಲ," ಎಂದ. ಆರು ಸಲವಾಯಿತು. ಗಿರಾಕಿಗಳು ಸೇರಿದರು, ಅವರೂ ಹೇಳಿ ನೋಡಿದರು, ಯಾರಿಗೂ ಬರಲಿಲ್ಲ. ಕೊನೆಗೆ ತಮಿಳು ಆಂಟಿ ಮುಂದೆ ಬಂದು ಉಸಿರು ಹಿಡಿದು ಮೂರು ಸಲ ಗುಂಡು ಹೊಡೆದ ಹಾಗೆ ಹೇಳಿದರು. ಅವನು ಮಚ್ಚು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಲಕೋಟೆಯ ಜೊತೆಗೆ ಒಂದು ಎಳನೀರನ್ನೂ ಕೊಟ್ಟ. ದುಡ್ಡು ತಗೊಳ್ಳಲಿಲ್ಲ.

ಚಾಲುಕ್ಯರು ಮೀಟರ್ ಹಾಕಿದ ಆಟೋವನ್ನೂ ತಂದರು. ಅಜ್ಜಿ ಮುಂದಿನ ಸೀಟಿಗೆ ಹತ್ತದಿದ್ದದ್ದೇ ಹೆಚ್ಚು. "ಏನಮ್ಮಾ, ಇಷ್ಟು ಹತ್ರಕ್ಕೆ," ಎಂದು ಗೊಣಗುತ್ತಿದ್ದ ಚಾಲಕರು, ಮೀಟರ್ ಹಾಕಿದ್ದಕ್ಕೆ ಇಡೀ ಅಪಾರ್ಟ್‌ಮೆಂಟು ಎದ್ದು ಚಪ್ಪಾಳೆ ತಟ್ಟಿದಾಗ ಗಾಬರಿಯಾದರು. ಆಮೇಲೆ ಕೂತು ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡರು.

ಕೊನೆಯ ಸುಳಿವು ಬೇಕರಿಯಲ್ಲಿತ್ತು. ನಿಧಿ ಎಲ್ಲಿದೆ ಎಂಬ ಪದ್ಯ ಅದರಲ್ಲಿ. ಗುರುವಾರ ಸಂಜೆ ಖಾರಾ ಬನ್ನು ತಿಂದು ಲಕೋಟೆ ಕೊಟ್ಟು ಬಂದಿದ್ದೆ, ಗಲ್ಲಾದಲ್ಲಿದ್ದವರು ತಲೆಯನ್ನೂ ಆಡಿಸಿದ್ದರು. ಭಾನುವಾರ ನಾಲ್ಕೂ ತಂಡ ಅಲ್ಲಿ ಕೂಡಿದಾಗ ಶಟರ್ ಎಳೆದಿತ್ತು. ಮೇಲೆ ಸುಣ್ಣದಲ್ಲಿ ಬರೆದಿತ್ತು: ಅಂಗಡಿ ಬಾಡಿಗೆಗೆ ಇದೆ.

ಬೀದಿಯಲ್ಲೇ ನಾಲ್ಕು ರಾಜವಂಶಗಳಿಗೂ ಜಗಳ ಹತ್ತಿತು. ನನಗೆ ಫೋನ್ ಮೇಲೆ ಫೋನ್. ನಿಧಿಯ ಜಾಗ ನಾನು ಬಾಯಿಬಿಟ್ಟು ಹೇಳಿದರೆ ಮೋಸ, ಹೇಳದಿದ್ದರೆ ನಿಧಿಯಾಗಿಟ್ಟ ಮೈಸೂರ್ ಪಾಕು ಹಾಳು. ಎಲ್ಲರೂ ಏದುಸಿರು ಬಿಡುತ್ತ ವಾಪಸ್ ಬಂದು ಗೇಟಿನ ಬಳಿ ಕೂಗಾಡುತ್ತಿದ್ದಾಗ, ನಮ್ಮ ವಾಚ್‌ಮನ್, ಒಡಿಶಾದಿಂದ ಬಂದು ಆರೇ ತಿಂಗಳಾದ ಹುಡುಗ, ಪಂಪ್ ಮನೆಯ ಬಾಗಿಲು ತೆಗೆದು ಸ್ಟೀಲ್ ಡಬ್ಬಿಯೊಂದನ್ನು ಹೊತ್ತು ತಂದ. "ಸಾರ್, ಬೆಳಿಗ್ಗೆ ನೀವು ಇಟ್ಟಿದ್ದು ಇದೇನಾ? ಮರೆತು ಹೋಗಿದೀರಾ ಅಂತ." ಆರು ತಿಂಗಳಿಗೆ ಅವನ ಕನ್ನಡ ಬಹಳ ಚೆನ್ನಾಗಿತ್ತು. ಸೆಕ್ರೆಟರಿಯವರು ಅವನಿಗೇ ಮೊದಲ ಬಹುಮಾನ ಘೋಷಿಸಿ, ಅವನ ಮೇಲೆಯೇ ಭಾಷಣ ಶುರುಮಾಡಿದರು. ಪುಳಿಯೋಗರೆ ಈ ಸಲವೂ ತಣ್ಣಗಾಯಿತು.

ಸೋಮವಾರ ಬೆಳಿಗ್ಗೆ ಹೆಂಡತಿ ಫ್ರಿಜ್ಜಿನ ಮೇಲೆ ಕೈಯಾಡಿಸಿ ಕೇಳಿದಳು: "ರೀ, ನನ್ನ ಚೀಟಿ ಎಲ್ಲಿ?"

"ಯಾವ ಚೀಟಿ? ಎಲ್ಲಾ ಚೀಟಿನೂ ಸಿಕ್ತಲ್ಲ, ಬೇಕರಿದೊಂದು ಬಿಟ್ಟು."

"ನಿಮ್ಮ ಪದ್ಯದ್ದಲ್ಲ. ಚೀಟಿ ಲೆಕ್ಕ. ಹನ್ನೊಂದು ಜನರದ್ದು. ಯಾರು ಕಟ್ಟಿದಾರೆ, ಯಾರು ಬಾಕಿ, ಯಾರು ಕೂಗಿದಾರೆ, ಎಲ್ಲಾ ಅದರಲ್ಲೇ ಬರೆದಿದ್ದೆ."

ಜರಗನಹಳ್ಳಿಯಿಂದ ಬೇಕರಿ ಎತ್ತಿಕೊಂಡು ಹೋದವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಹಳದಿ ಲಕೋಟೆ ನಿಮ್ಮಲ್ಲೇ ಇರಬೇಕು. ಒಳಗಿನ ಪದ್ಯವನ್ನು ನೀವೇ ಇಟ್ಟುಕೊಳ್ಳಿ. ಹಿಂಬದಿಯದೊಂದು ಫೋಟೋ ತೆಗೆದು ಎಳನೀರಿನವನಿಗೆ ಕಳಿಸಿದರೂ ಸಾಕು, ಅವನು ಅಲ್ಲೇ ಇದ್ದಾನೆ.