ಮಹಡಿ ಮೇಲಿನ ಥಿಯೇಟರ್

ಮಗಳು ಪ್ಲಾಸ್ಟಿಕ್ ಸರ್ಜರಿ ಓದಲು ಸೇರಿದ ಮೇಲೆ ನಮ್ಮ ಮನೆಯ ಫ್ಯಾನುಗಳಿಗೆ ಕೆಲಸ ಕಡಿಮೆಯಾಯಿತು. ಸಣ್ಣ ರಕ್ತನಾಳ ಹೊಲಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಲು ಅವಳು ಬಳಸುವ ನೈಲಾನ್ ದಾರದ ಹೆಸರು ಟೆನ್-ಜೀರೋ. ದಪ್ಪ 0.03 ಮಿಲಿಮೀಟರೂ ಇಲ್ಲ; ತಲೆಗೂದಲಿನ ಅರ್ಧದಷ್ಟೂ ಆಗದು. ಫ್ಯಾನ್ ಹಾಕಿದಿರೋ, ದಾರ ಹಾರಿತು. ತುದಿಗಂಟಿದ ಸೂಜಿಯೂ ಅದರ ಹಿಂದೆಯೇ ಹೋಯಿತು. ಆಮೇಲೆ ಇಡೀ ಸಂಸಾರ ಟಾರ್ಚು, ಅಯಸ್ಕಾಂತ ಹಿಡಿದು ನೆಲದ ಮೇಲೆ ಅಂಬೆಗಾಲು.

ಆಸ್ಪತ್ರೆಯ ಮೈಕ್ರೋಸ್ಕೋಪಿನ ಬೆಲೆ ಕೇಳಿದಾಗ, ಆ ದುಡ್ಡಿಗೆ ಊರಾಚೆ ಒಂದು ಸೈಟು ನೋಡಬಹುದಲ್ಲ ಎಂದು ನನಗನ್ನಿಸಿತು. ಮೊದಮೊದಲು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಜೂಮ್ ಮಾಡಿ, ಪರದೆ ನೋಡುತ್ತಾ ಹೊಲಿದಳು. ಅದರಲ್ಲಿ ಆಳ ತಿಳಿಯುವುದಿಲ್ಲ. ಸೂಜಿ ನಾಳಕ್ಕೆ ತಾಗಿತೋ, ಮೇಲೆಯೇ ತೇಲುತ್ತಿದೆಯೋ ಗೊತ್ತಾಗದು. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಮೊಬೈಲ್ ರಿಪೇರಿಯವರು ಬಳಸುವ ಎರಡು ಕಣ್ಣಿನ ಮೈಕ್ರೋಸ್ಕೋಪು ಸಿಕ್ಕಿತು. ಚಿಮಟವೂ ಅಲ್ಲಿಯದೇ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಸರ್ಜನ್ನರು ಹಿಡಿಯುವ ಸಣ್ಣ ಫೋರ್ಸೆಪ್ಸಿನ ಮೂಲವೂ ಅಕ್ಕಸಾಲಿಗರ, ಗಡಿಯಾರ ರಿಪೇರಿಯವರ ಚಿಮಟವೇ. ಅವಧಿ ಮುಗಿದ ದಾರವನ್ನು ಸೀನಿಯರುಗಳು ಕೊಟ್ಟರು.

ಹೊಲಿಯಲು ಬಟ್ಟೆ ಯಾವುದೆಂದರೆ, ಮೊದಲು ಗ್ಲೌಸಿನ ತುಂಡು, ಆಮೇಲೆ ಕೋಳಿ ತೊಡೆ. ಅದರೊಳಗಿನ ರಕ್ತನಾಳ ಮನುಷ್ಯನ ಬೆರಳಿನ ನಾಳಕ್ಕೆ ಗಾತ್ರದಲ್ಲಿ ಹತ್ತಿರ. ಆದರೆ ನಮ್ಮದು ಬೆಳ್ಳುಳ್ಳಿಗೂ ಅನುಮತಿ ಕೇಳಬೇಕಾದ ಮನೆ. ‘ಓದಿಗೆ ಬೇಕಾದರೆ ತರಲಿ, ನನ್ನ ಫ್ರಿಜ್ಜಿಗೆ ಬೇಡ’ ಎಂದು ಅಮ್ಮ ತೀರ್ಪು ಕೊಟ್ಟಳು. ಥರ್ಮೋಕೋಲ್ ಪೆಟ್ಟಿಗೆ, ಐಸು, ಕೋಳಿ, ಮಗಳು ಎಲ್ಲರೂ ಮಹಡಿ ಮೇಲಿನ ಕೋಣೆಗೆ ವರ್ಗವಾದರು. ಅಮೆರಿಕದ ಸರ್ಜನ್ ಹ್ಯಾರಿ ಬಂಕಿ ಕೂಡ 1960ರ ದಶಕದಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲೇ ಪ್ರಯೋಗ ಮಾಡಿ, ಕತ್ತರಿಸಿದ ಮೊಲದ ಕಿವಿಯನ್ನು ಮತ್ತೆ ಜೋಡಿಸಿದವರು. ಅವರ ಮನೆಯಲ್ಲಿ ನಮ್ಮಮ್ಮ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ದಿನ ಕಾಫಿ ಕೊಡುವ ನೆಪದಲ್ಲಿ ಅಮ್ಮ ಮಹಡಿ ಹತ್ತಿದಳು. (ಕೈ ನಡುಗುತ್ತದೆಂದು ಮಗಳು ಕಾಫಿ ಬಿಟ್ಟಿದ್ದು ಅವಳ ಪಾಲಿಗೆ ಕೋಳಿಗಿಂತ ದೊಡ್ಡ ಆಘಾತ.) ಮೂಗಿಗೆ ಸೆರಗು ಹಿಡಿದು, ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ಇಣುಕಿದಳು.

‘ಏನೇ ಪುಟ್ಟಿ, ಇಷ್ಟು ಅಂಚಿಗೆ ಚುಚ್ಚಿದೀಯ? ಹರಿಯುತ್ತೆ. ತೀರಾ ಒಳಗೆ ಚುಚ್ಚಿದರೆ ಸುಕ್ಕಾಗುತ್ತೆ. ಮುತ್ತುಗದ ಎಲೆ ಹಚ್ಚಿದವರನ್ನ ಕೇಳು.’

ಪುಟ್ಟಿ ಬೆಪ್ಪಾದಳು. ಅವಳ ಪ್ರೊಫೆಸರ್ ಬೈಯುತ್ತಿದ್ದುದೂ ಇದಕ್ಕೇ. ನಾಳದ ಗೋಡೆ ಎಷ್ಟು ದಪ್ಪವೋ, ಅಂಚಿನಿಂದ ಹೆಚ್ಚುಕಡಿಮೆ ಅದರ ಒಂದೆರಡು ಪಟ್ಟು ದೂರದಲ್ಲಿ ಸೂಜಿ ಇಳಿಯಬೇಕಂತೆ. ಎದುರು ಗೋಡೆಗೆ ತಗುಲಿದರೆ ನಾಳವೇ ಮುಚ್ಚಿತು. ಅಮ್ಮನಾದರೋ ಒಂದೂರಿನ ಮದುವೆಗಾಗುವಷ್ಟು ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚಿದವಳು. ಅವಳ ಎಲೆಯಲ್ಲಿ ಸಾರು ಸೋರಿದ್ದನ್ನು ಕಂಡವರಿಲ್ಲ. ರಕ್ತನಾಳ ಜೋಡಿಸುವ ವಿದ್ಯೆಗಾಗಿ 1912ರಲ್ಲಿ ನೊಬೆಲ್ ಪಡೆದ ಫ್ರಾನ್ಸಿನ ಅಲೆಕ್ಸಿ ಕರೆಲ್ ಕೂಡ ಲಿಯಾನ್ ಊರಿನ ಕಸೂತಿ ಹೆಂಗಸೊಬ್ಬಳ ಹತ್ತಿರ ಸೂಜಿ ಹಿಡಿಯಲು ಕಲಿತವರು ಎಂದು ನಾನು ಓದಿ ಹೇಳಿದೆ. ಹೇಳಬಾರದಿತ್ತು. ಅಂದಿನಿಂದ ಅಮ್ಮ ಅತಿಥಿ ಉಪನ್ಯಾಸಕಿ.

ಮಡಿ ಕೆಡದಂತೆ ಪಾಠ ನಡೆಯಲೆಂದು ಕೆಲಕಾಲ ವೀಳ್ಯದೆಲೆಯ ಮೇಲೂ ಹೊಲಿಗೆ ನಡೆಯಿತು. ದಾರ ಒಂದಿಷ್ಟು ಜಗ್ಗಿದರೆ ಎಲೆ ಸೀಳುತ್ತದೆ. ಕೈಯ ಅವಸರವನ್ನು ಅದು ತಕ್ಷಣ ಚಾಡಿ ಹೇಳುತ್ತದೆ. ಸೂಜಿಯನ್ನು ನೇರವಾಗಿ ಹಿಡಿಯಹೋಗದೆ, ದಾರದಲ್ಲಿ ತೂಗಬಿಟ್ಟು, ನೆಲ ಮುಟ್ಟಿ ಅದು ತಾನಾಗಿ ತಿರುಗಿದ ಮೇಲೆ ಹಿಡಿಯುವ ಉಪಾಯವನ್ನು ಮಗಳು ಅಜ್ಜಿಗೆ ತೋರಿಸಿದಳು. ಅಜ್ಜಿ ಮೆಚ್ಚಿಕೊಂಡಳು, ಆದರೆ ಇದು ತನಗೆ ಮೊದಲೇ ಗೊತ್ತಿತ್ತು ಎಂಬ ಮುಖ ಮಾಡಿ.

ಮೊನ್ನೆ ಪರೀಕ್ಷೆ. ಮಿಲಿಮೀಟರಿನಷ್ಟು ಅಗಲದ ಕೋಳಿ ನಾಳಕ್ಕೆ ಎಂಟು ಹೊಲಿಗೆ ಬಿದ್ದವು. ಮಗಳು ಸಿರಿಂಜಿನಿಂದ ಬಣ್ಣದ ನೀರು ಬಿಟ್ಟಳು. ಒಂದು ಹನಿಯೂ ಸೋರದೆ ಆಚೆ ಹರಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಮ್ಮ ಮಾತ್ರ ಸೆರಗು ಸರಿಸಿ ಕೇಳಿದಳು:

‘ಅದೆಲ್ಲ ಸರಿ ಕಣೇ, ಕೋಳಿ ಎದ್ದು ಓಡಾಡುತ್ತಾ?’