ಎರಡರಲ್ಲಿ ಏನು ವ್ಯತ್ಯಾಸ, ಹೇಳಿ ನೋಡೋಣ!

ಪಕ್ಕದ್ಮನೆಯವರ ಹೊಸ ಫ್ರಿಜ್ಜು ನಿಮ್ಮದಕ್ಕಿಂತ ಎಷ್ಟು ದೊಡ್ಡದು ಅಂತ ಬಾಗಿಲಲ್ಲೇ ನಿಂತು ಹೇಳ್ತೀರಿ. ನಾದಿನಿ ಸೀರೆಯ ಜರಿ ಅಸಲಿಯೋ ನಕಲಿಯೋ ಮದುವೆ ಫೋಟೋದಲ್ಲೇ ಗೊತ್ತಾಗುತ್ತೆ. ಹೌದೋ ಅಲ್ವೋ? ಅಂಥ ಹದ್ದಿನ ಕಣ್ಣಿನವರು ಎರಡು ಡೇಟಾಬೇಸ್ ಮುಂದಿಟ್ಟರೆ ಮಾತ್ರ "ಒಂದೇ ಇರ್ಬೇಕು ಬಿಡಿ" ಅಂತ ಕೈ ಒದರ್ತೀರಲ್ಲ, ಅದು ಹೇಗೆ ಸ್ವಾಮಿ?

ಲ್ಯಾಪ್‌ಟಾಪ್ ತೆಗೀರಿ. (ನಾಚ್ಕೋಬೇಡಿ, ನಾವಿಬ್ಬರೇ ಇರೋದು.) ಸ್ಟೂಡೆಂಟ್ಸ್ ಫೈನಲ್, ಫೈನಲ್ ಟೂ, ಫೈನಲ್ ಪಕ್ಕಾ... ಇದರಲ್ಲಿ ನಿಜವಾದ ಫೈನಲ್ ಯಾವುದು? ಎರಡು ವಿಂಡೋ ಅಕ್ಕಪಕ್ಕ ಇಟ್ಟು, ಸ್ಕ್ರೀನ್ ಮೇಲೆ ಬೆರಳಿಟ್ಟು ಟ್ಯಾಲಿ ಮಾಡ್ತಾ ಕೂತಿರ್ತೀರಿ. ನಲವತ್ತನೇ ಸಾಲಿಗೆ ಕಾಫಿ ನೆನಪಾಗುತ್ತೆ. ವಾಪಸ್ ಬಂದ್ರೆ ಬೆರಳು ಎಲ್ಲಿತ್ತೋ ಗೊತ್ತಿಲ್ಲ.

ಇದಕ್ಕೇ ಅಂತ ಎಸ್‌ಕ್ಯೂಲೈಟ್ ಡೇಟಾಬೇಸ್‌ನವರು 2015ರಲ್ಲೇ, 3.8.10ನೇ ವರ್ಶನ್ ಜೊತೆ, ಎಸ್‌ಕ್ಯೂಎಲ್‌ಡಿಫ್ ಅನ್ನೋ ಪುಟ್ಟ ಪ್ರೋಗ್ರಾಂ ಕೊಟ್ಟಿದ್ದಾರೆ. ಪುಕ್ಕಟೆ! ಬಟನ್ ಇಲ್ಲ, ಮೆನು ಇಲ್ಲ, ಬರೀ ಕಪ್ಪು ಪರದೆ. (ಅಲ್ಲೇ ನಿಮಗೆ ಮೈ ಜುಂ ಅಂದಿದ್ದು, ಅಲ್ವಾ?) ಅದರ ಹೆಸರು ಟೈಪ್ ಮಾಡಿ, ಮುಂದೆ ಎರಡು ಫೈಲ್ ಹೆಸರು ಕೊಟ್ಟು ಎಂಟರ್ ಒತ್ತಿ. ಮೊದಲನೆಯದನ್ನ ಎರಡನೆಯದರ ಹಾಗೆ ಮಾಡೋಕೆ ಬೇಕಾದ ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಎಲ್ಲಾ ಬರೆದು ಕೊಡುತ್ತೆ. ತಾನಾಗಿ ಏನನ್ನೂ ಮುಟ್ಟಲ್ಲ, ಪಾಪ.

"ಮೊದಲನೆಯದನ್ನ ಎರಡನೆಯದರ ಹಾಗೆ" ಅಂದೆನಲ್ಲ, ಓದಿದ್ರಾ, ಹಾರಿಸಿದ್ರಾ? ಹಾರಿಸೋರೇ ನೀವು! ಹಳೇದು ಹೊಸದು ಹಿಂದುಮುಂದಾದ್ರೆ, ಇನ್ಸರ್ಟ್ ಆಗಬೇಕಿದ್ದ ಹುಡುಗರೆಲ್ಲ ಡಿಲೀಟ್ ಪಟ್ಟಿಗೆ ಸೇರ್ತಾರೆ. ಆ ಪಟ್ಟಿ ಓದದೇ ಶುಕ್ರವಾರ ಸಂಜೆ ರನ್ ಮಾಡಿ ಊರಿನ ಬಸ್ ಹಿಡಿಯೋರೂ ನೀವೇ. ಮೊದಲು ಸಮ್ಮರಿ ಅನ್ನೋ ಆಪ್ಶನ್ ಹಾಕಿ ನೋಡಿ ಕಣ್ರೀ! ಯಾವ ಟೇಬಲ್‌ನಲ್ಲಿ ಎಷ್ಟು ಬದಲಾಯ್ತು, ಎಷ್ಟು ಬಂತು, ಎಷ್ಟು ಹೋಯ್ತು, ಎಲ್ಲಾ ಒಂದೊಂದೇ ಸಾಲಲ್ಲಿ ಸಿಗುತ್ತೆ.

ಇಡೀ ಟೇಬಲ್ಲೇ ಬದಲಾಗಿದೆ ಅಂತ ಬಂತಾ? ಎದೆ ಒಡ್ಕೋಬೇಡಿ. ಅದು ಸಾಲುಗಳನ್ನ ಜೋಡಿ ಮಾಡೋದು ಒಳಗಿನ ರೋಐಡಿ ನೋಡಿ. ಟೇಬಲ್ ಮತ್ತೆ ಇಂಪೋರ್ಟ್ ಮಾಡಿದಾಗ ಆ ನಂಬರುಗಳು ಏರುಪೇರಾಗಿರುತ್ವೆ. ಹುಡುಗರ ಯುಎಸ್‌ಎನ್ ನಿಮ್ಮ ಪ್ರೈಮರಿ ಕೀ ಆಗಿದ್ರೆ, ಪ್ರೈಮರಿಕೀ ಅನ್ನೋ ಆಪ್ಶನ್ ಕೊಡಿ, ಸರಿಹೋಗುತ್ತೆ. (ಪ್ರೈಮರಿ ಕೀನೇ ಇಟ್ಟಿಲ್ವಾ? ಗೊತ್ತಿತ್ತು ಬಿಡಿ.)

ಏನೂ ಬರದೇ ಸುಮ್ನಿದ್ರೆ? ವ್ಯತ್ಯಾಸ ಸಿಕ್ಕಿಲ್ಲ ಅಂತ. ನೀವು ಮಾತ್ರ "ಹ್ಯಾಂಗ್ ಆಯ್ತಾ?" ಅಂತ ಇನ್ನೊಂದ್ಸಲ ಓಡಿಸಿ, ಆಮೇಲೆ ಬಾಸ್‌ಗೆ "ಪೂರ್ತಿ ಟ್ಯಾಲಿ ಸಾರ್" ಅಂತ ಮೆಸೇಜ್ ಹಾಕ್ತೀರಿ. ತಡೀರಿ! ವ್ಯೂ, ಟ್ರಿಗರ್ ಇವನ್ನ ಅದು ಹೋಲಿಸೋದೇ ಇಲ್ಲ. ಬೇಗ ಆ ಮೆಸೇಜ್ ಡಿಲೀಟ್ ಮಾಡಿ... ಅಯ್ಯೋ, ಬ್ಲೂ ಟಿಕ್ ಬಂದ್ಬಿಡ್ತಾ?